ಕಾಲು ತುಕ್ಕು ಹಿಡಿದ ಫ್ರಿಜ್ಜು

ಹೊಳಲ್ಕೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಒಂದು ಕಂಪ್ಯೂಟರ್ ಇಟ್ಟುಕೊಂಡು ಕೂತದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಲಗ್ನಪತ್ರಿಕೆ, ಅರ್ಜಿ, ಕರಪತ್ರ ಟೈಪು ಮಾಡಿಕೊಡುತ್ತಿದ್ದೆ. ಮೇಲೆ ತಗಡಿನ ಶೀಟು. ಮಾರ್ಚ್ ಬಂತೆಂದರೆ ಮಧ್ಯಾಹ್ನ ಒಂದು ಗಂಟೆಗೆ ಕಂಪ್ಯೂಟರ್ ಕಾದು ನಿಂತೇಬಿಡುತ್ತಿತ್ತು. ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಹಚ್ಚಿ, ಆರಿದ ಮೇಲೆ ಅದೇ ಪುಟವನ್ನು ಮತ್ತೆ ಟೈಪು ಮಾಡಬೇಕು.

ಆ ಕೋಣೆಯ ಮೇಲೆ ಅಣ್ಣನಿಗೂ ಕಣ್ಣಿತ್ತು. ಅವನಿಗೆ ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಡುವ ಆಸೆ. ಆ ವರ್ಷ ಸುತ್ತಲಿನ ಶಾಲೆಗಳ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಟೈಪು ಮಾಡುವ ಕೆಲಸ ನನಗೆ ಸಿಕ್ಕಿತು.

"ಇದನ್ನ ಹೇಳಿದ ದಿನಕ್ಕೆ ಮುಗಿಸ್ಕೊಟ್ರೆ ಕೋಣೆ ನಿಂದು. ಇಲ್ಲಾಂದ್ರೆ ಖಾಲಿ ಮಾಡು," ಎಂದ ಅಣ್ಣ.

ನನಗೆ ಮೈಯೆಲ್ಲ ಉರಿಯಿತು. ಆ ಕೋಣೆ ಬಿಟ್ಟರೆ ಅಷ್ಟು ದೊಡ್ಡ ಮನೆಯಲ್ಲಿ ನನ್ನದು ಅಂತ ಇದ್ದದ್ದು ಒಂದು ಟ್ರಂಕು ಮಾತ್ರ. ಸರಿ, ನೋಡೇಬಿಡೋಣ ಅಂದುಕೊಂಡೆ.

ಫ್ರಿಜ್ಜಿನ ಕಂಪ್ರೆಸರಿನಿಂದ ಕಂಪ್ಯೂಟರ್ ತಂಪು ಮಾಡುವ ಹುಚ್ಚರ ಬಗ್ಗೆ ಒಂದು ಪತ್ರಿಕೆಯಲ್ಲಿ ಓದಿದ್ದೆ. ಕಂಪ್ರೆಸರ್ ಅಂದರೆ ಫ್ರಿಜ್ಜಿನ ಹಿಂದೆ ತಳದಲ್ಲಿ ಕೂತು ಗುಂಯ್ ಅನ್ನುವ ಕರಿ ಗುಂಡು. ಅದು ಪೈಪಿನ ಸುರುಳಿಯಲ್ಲಿ ಗ್ಯಾಸು ಓಡಿಸಿ ಒಂದು ಟಬ್ಬಿನ ನೀರನ್ನು ತಂಪು ಮಾಡುತ್ತದೆ, ಏರ್ ಕೂಲರಿನ ಚಿಕ್ಕ ಪಂಪು ಆ ನೀರನ್ನು ಪೈಪಿನಲ್ಲಿ ಕಂಪ್ಯೂಟರಿನ ಕಾಯುವ ಭಾಗಕ್ಕೆ ಮುಟ್ಟಿಸಿ ತರುತ್ತದೆ. ಹಿರಿಯೂರಿನ ಗುಜರಿಯಿಂದ ಹೊಸ ಬಣ್ಣ ಬಳಿದ, ಸದ್ದೇ ಮಾಡದ ಒಂದು ಕಂಪ್ರೆಸರನ್ನು ಆರಿಸಿ ತಂದೆ. ಸದ್ದಿಲ್ಲದ್ದು ಒಳ್ಳೆಯದು ಅನ್ನುವುದು ನನ್ನ ಬುದ್ಧಿವಂತಿಕೆ. ಊರಿನ ಹುಡುಗನೊಬ್ಬನಿಂದ ಪೈಪು ಬೆಸೆಸಿ ಗ್ಯಾಸು ತುಂಬಿಸಿದೆ. ಮೂರು ದಿನ ಓಡಿತು. ನೀರು ಮಾತ್ರ ತಂಪಾಗಲಿಲ್ಲ.

ಹೊಸದುರ್ಗದಲ್ಲಿ ಫ್ರಿಜ್ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದರು, ಮಾಡದಕೆರೆ ಕಡೆಯವರು. ಅದನ್ನು ಬಿಚ್ಚಿಸಿ ಒಯ್ದು ಅವರ ಮುಂದೆ ಇಟ್ಟೆ. ಅವರು ಪೈಪಿನ ಬಾಯಿ ಮೂಸಿ ನೋಡಿ ಮುಖ ಕಿವುಚಿದರು.

"ಬಣ್ಣ ನೋಡಿ ತಂದೀಯಮ್ಮ. ಇದು ಹೋಟ್ಲು ಫ್ರಿಜ್ಜಿಂದು. ದಿನಾ ನೂರು ಸಲ ಬಾಗ್ಲು ತೆಗ್ದು ತೆಗ್ದು, ಬಿಡುವಿಲ್ದೆ ಓಡಿ ಎಣ್ಣೆ ಸೀದು ಹೋಗೈತೆ. ಕೆಲ್ಸನೇ ಮಾಡ್ತಿಲ್ಲ, ಸದ್ದೆಲ್ಲಿಂದ ಬಂದೀತು?"

"ಮತ್ತೆ ಎಂಥದ್ದು ತರಬೇಕು?"

"ಮಿಷಿನ್ ನೋಡಬ್ಯಾಡ, ಫ್ರಿಜ್ಜಿನ ಕಾಲು ನೋಡು. ದಿನಾ ನೀರು ಹಾಕಿ ನೆಲ ತೊಳೆಯೋ ಮನ್ಯಾಗೆ ಕಾಲೂ ತಳಾನೂ ತುಕ್ಕು ಹಿಡ್ದು ಉದುರ್ತಾವೆ. ಅದನ್ನ ಗುಜರಿಗೆ ಹಾಕೋದು ಮೈ ಕೆಟ್ಟಿದ್ದಕ್ಕೆ. ಕಂಪ್ರೆಸರ್ ಗಟ್ಟಿ ಇರ್ತೈತೆ."

ಹಾಗೆ ಸಿಕ್ಕಿದ್ದನ್ನು ಒಂದು ಕ್ಷಣ ಓಡಿಸಿ, ಗಾಳಿ ಬರುವ ಪೈಪಿಗೆ ಹೆಬ್ಬೆರಳು ಒತ್ತಿ ನೋಡಬೇಕಂತೆ. ಬೆರಳು ನಿಂತರೆ ಬಿಟ್ಟು ಬಾ, ಬೆರಳನ್ನು ಒದ್ದು ತಳ್ಳಿದರೆ ತಗೊಂಡು ಬಾ ಎಂದರು.

ಮರುದಿನ ಚಿತ್ರದುರ್ಗದ ಗುಜರಿಗಳಲ್ಲಿ ಒಂದೊಂದೇ ಫ್ರಿಜ್ಜಿನ ಕಾಲಿಗೆ ಬಗ್ಗುತ್ತ ಹೋದೆ. ಮೂರನೆಯ ಗುಜರಿಯವನಿಗೆ ನಗು ತಡೆಯಲಾಗಲಿಲ್ಲ.

"ಮನೇಲಿ ಗಂಡಸ್ರು ಇಲ್ಲೇನಮ್ಮ? ಅವರನ್ನ ಕಳ್ಸು, ತೋರುಸ್ತೀನಿ."

"ಅವರಿಗೆ ಕಾಲು ನೋಡಾಕೆ ಬರಲ್ರಿ," ಅಂದೆ.

ಮೂಲೆಯಲ್ಲಿ ಒಂದು ಹಳದಿ ಫ್ರಿಜ್ಜು ಇಟ್ಟಿಗೆಯ ಮೇಲೆ ನಿಂತಿತ್ತು. ಕಾಲುಗಳೇ ಇರಲಿಲ್ಲ, ತಳ ಜಾಲರಿಯಂತಾಗಿತ್ತು. ಬಾಗಿಲಲ್ಲಿ ಇನ್ನೂ ಅರಿಶಿನ ಕುಂಕುಮದ ಗುರುತು. ಕಂಪ್ರೆಸರ್ ಬಿಚ್ಚಿಸಿ ಓಡಿಸಿದೆ. ಗಡಗಡ ಸದ್ದು. ಹೆಬ್ಬೆರಳನ್ನು ಎಷ್ಟು ಒತ್ತಿ ಹಿಡಿದರೂ ಒದ್ದು ತಳ್ಳಿತು. ಎಷ್ಟೋ ದಿನದಿಂದ ನನಗೆ ಅಂಥ ಖುಷಿ ಆಗಿರಲಿಲ್ಲ.

ಅದನ್ನು ಮಲಗಿಸಿದರೆ ಒಳಗಿನ ಎಣ್ಣೆ ಪೈಪಿಗೆ ಇಳಿಯುತ್ತದೆ. ಹಾಗಾಗಿ ಬಸ್ಸಿನಲ್ಲಿ ಸೆರಗಿನ ಸಿಂಬೆ ಮಾಡಿ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡೆ. ಸೀರೆಗೆ ಹತ್ತಿದ ಎಣ್ಣೆಕಲೆ ಕೊನೆಗೂ ಹೋಗಲಿಲ್ಲ.

ಹೊಸದುರ್ಗದ ಹಿರಿಯರು ಸಾಮಾನು ಹೊತ್ತು ನಮ್ಮೂರಿಗೇ ಬಂದು, ಪೈಪು ಬೆಸೆದು, ಗ್ಯಾಸು ತುಂಬಿ ಕೊಟ್ಟರು. ಅವತ್ತು ಒಂದು ಗಂಟೆ ದಾಟಿತು, ಎರಡೂ ದಾಟಿತು, ಕಂಪ್ಯೂಟರ್ ನಿಲ್ಲಲಿಲ್ಲ. ನಾನು ಜಂಬದಲ್ಲಿ ತಂಪು ಹೆಚ್ಚಿಸುವ ಗುಬುಟು ತಿರುಗಿಸಿ ನೀರನ್ನು ಮಂಜುಗಡ್ಡೆಯಷ್ಟು ತಣ್ಣಗೆ ಮಾಡಿದೆ. ಪೈಪುಗಳು ಬೆವರಿ, ಕಂಪ್ಯೂಟರಿನ ಒಳಗೇ ಹನಿ ಬೀಳತೊಡಗಿತು. ಓಡಿಹೋಗಿ ಸ್ವಿಚ್ ಆರಿಸಿದೆ.

ಅವ್ವ ಬಾಗಿಲಲ್ಲಿ ನಿಂತು ನೋಡಿ ಹೇಳಿದಳು: "ಗಡಿಗೆ ನೀರಿಗಿಂತ ತಣ್ಣಗೆ ಯಾಕೆ ಬೇಕವ್ವ ಅದಕ್ಕೆ?"

ಒಳಗನ್ನೆಲ್ಲ ಒರೆಸಿ ಒಣಗಿಸಿದೆ. ಒಂದು ಬೆರಳು ಅಡುಗೆಮನೆಯ ಗಡಿಗೆಯಲ್ಲಿ, ಆಮೇಲೆ ಅದೇ ಬೆರಳು ಟಬ್ಬಿನಲ್ಲಿ. ಎರಡೂ ಒಂದೇ ಅನ್ನಿಸುವವರೆಗೆ ಗುಬುಟು ಹಿಂದಕ್ಕೆ ತಿರುಗಿಸಿದೆ. ಮತ್ತೆ ಪೈಪು ಬೆವರಲಿಲ್ಲ.

ಬೆವರಿದ್ದು ನಾನು. ಕಂಪ್ಯೂಟರಿನಿಂದ ತೆಗೆದ ಕಾವನ್ನೆಲ್ಲ ಆ ಗುಂಡು ಕೋಣೆಯೊಳಗೇ ಸುರಿಯುತ್ತಿತ್ತು. ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಟೈಪು ಮಾಡಿದೆ. ಎದ್ದರೆ ಸೋತೆ ಅನ್ನುವ ಹಟ.

ಕೊಡಬೇಕಾದ ದಿನ ಮಧ್ಯಾಹ್ನ ಎರಡೂವರೆಗೆ ಅಣ್ಣ ಬಂದ. ಕೈಯಲ್ಲಿ ಅಳತೆ ಟೇಪು.

"ಇನ್ನ ನಾಲ್ಕು ಪುಟ ಅವೆ. ಸಂಜೆಗೆ ಕೊಡ್ತೀನಿ. ಈಗ್ಲೇ ಅಳತೆ ಹಿಡೀಬ್ಯಾಡ," ಅಂದೆ.

ಅವನು ಗಡಿಯಾರ ನೋಡಿದ. ಓಡುತ್ತಿದ್ದ ಕಂಪ್ಯೂಟರ್ ನೋಡಿದ. ನನ್ನ ಮುಖ ನೋಡಿದ. ಟೇಪು ಎಳೆದೇಬಿಟ್ಟ. ಕೂಗಾಡಲೆಂದು ಎದ್ದು ತಿರುಗಿದೆ. ಅವನು ಕಂಪ್ರೆಸರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಗೋಡೆಗೆ ಟೇಪು ಹಿಡಿದಿದ್ದ.

"ಇಲ್ಲಿ ಒಂದೂವರೆ ಅಡಿ ಕಿಟಕಿ ಹೊಡ್ಸಿದ್ರೆ ಬಿಸಿ ಹೊರಗೆ ಹೋಗ್ತೈತೆ. ಆ ತುದಿ ಹಿಡ್ಕ."

ಹಿಡಿದುಕೊಂಡೆ. ಅವನ ಮುಖವನ್ನೇ ನೋಡುತ್ತ ನನ್ನ ತುದಿಯನ್ನು ಕೆಳಕ್ಕೆ ಜಾರಿಸಿದೆ.

"ನೆಟ್ಟಗೆ ಹಿಡಿಯವ್ವ," ಎಂದ.