ಹೋಗಬೇಕೋ, ಹೋದರೂ ಆದೀತೋ

ಮೊನ್ನೆ ರಕ್ತ ಪರೀಕ್ಷೆಗೆ ತೋಳು ಚಾಚಿ ಕುಳಿತಾಗ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಕಣ್ಣು ಮುಚ್ಚಿಕೊಂಡೆ. ಸೂಜಿಗೆ ಹೆದರಿದೆನೆಂದು ರಕ್ತ ತೆಗೆಯುವ ಹುಡುಗಿ ತಿಳಿದಿರಬೇಕು. ನಿಜ ಹೇಳುತ್ತೇನೆ, ಅದು ನಾಚಿಕೆ. ಆ ವಾಸನೆ ಬಂದಾಗಲೆಲ್ಲ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಹತ್ತಿರದ ಒಂದು ಪುಟ್ಟ ದವಾಖಾನೆಯೂ ಅಲ್ಲಿ ನಾನು ಮೆರೆದ ಪಾಂಡಿತ್ಯವೂ ನೆನಪಾಗುತ್ತವೆ.

ಎಪ್ಪತ್ತರ ದಶಕ. ಬಿ.ಎ. ಮುಗಿಸಿ ಹೊಸದುರ್ಗದಲ್ಲಿ ಕೆಲಸವಿಲ್ಲದೆ ತಿರುಗುತ್ತಿದ್ದೆ. ಚಿತ್ರದುರ್ಗದಲ್ಲಿ ಕೊಂಡ ಹಳೆಯ ಸ್ಪ್ಯಾನಿಷ್ ವ್ಯಾಕರಣವೊಂದನ್ನು ಅರ್ಧ ಓದಿ, ನನಗೆ ಆ ಭಾಷೆ ಬರುತ್ತದೆಂದು ಊರೆಲ್ಲ ಹೇಳಿಕೊಂಡಿದ್ದೆ. ಪರೀಕ್ಷಿಸುವವರು ಯಾರಿದ್ದರು, ಹೇಳಿ? ಅಷ್ಟರಲ್ಲಿ ಸ್ಪೇನಿನಿಂದ ಸಿಸ್ಟರ್ ಪಿಲಾರ್ ಎಂಬ ಸನ್ಯಾಸಿನಿ, ಹೆರಿಗೆಯ ಕೆಲಸ ಬಲ್ಲ ನರ್ಸು, ಆ ದವಾಖಾನೆಗೆ ಬಂದರು. ಅವರಿಗೆ ಕನ್ನಡವಿಲ್ಲ, ಇಂಗ್ಲಿಷು ಅಷ್ಟಕ್ಕಷ್ಟೆ. ದುಭಾಷಿಯಾಗಲು ನನಗೆ ಕರೆ ಬಂತು. ಕೊಚ್ಚಿಕೊಂಡವನು ಹೋಗದೆ ಇರುವುದು ಹೇಗೆ?

ಆ ಭಾಷೆಯಲ್ಲಿ ‘ದೆಬೆರ್’ ಎಂಬ ಕ್ರಿಯಾಪದವಿದೆ. ಕರ್ತವ್ಯಕ್ಕೂ ಅದೇ, ಸಾಲಕ್ಕೂ ಅದೇ. ಅದರ ಪಕ್ಕದಲ್ಲಿ ‘ದೆ’ ಎಂಬ ಒಂದಕ್ಷರ ಬಂದು ಕುಳಿತರೆ ಊಹೆ. ಈ ಒಂದಕ್ಷರ ನಾನು ಓದದೆ ಬಿಟ್ಟ ಅರ್ಧದಲ್ಲಿತ್ತು.

ಒಂದು ಬೆಳಿಗ್ಗೆ ಮತ್ತೋಡಿನ ಕಡೆಯ ಕುರಿ ಕಾಯುವ ಕೆಂಚಮ್ಮ ತನ್ನ ಬಸುರಿ ಮಗಳು ಗಂಗಮ್ಮನನ್ನು ಕರೆತಂದಳು. ಸಿಸ್ಟರ್ ಹೊಟ್ಟೆ ಮುಟ್ಟಿ ನೋಡಿ, “ದೆಬೆನ್ ದೆ ಸೆರ್ ದೋಸ್” ಎಂದರು. ನಾನು ಗಂಭೀರವಾಗಿ, “ಕೂಸು ಎರಡು ಆಗಲೇಬೇಕಂತೆ” ಎಂದೆ.

“ಆಗ್ಲೇಬೇಕು ಅಂದ್ರೆ? ಅದು ನಮ್ ಕೈಯಾಗೈತೇನಪ್ಪ?” ಕೆಂಚಮ್ಮ ಗಾಬರಿಯಾದಳು.

ಕಾದು ಕುಳಿತ ಹೆಂಗಸರೆಲ್ಲ ನಕ್ಕರು. ಎರಡಿರಬಹುದೆಂಬುದು ಬರೀ ಊಹೆ ಎಂದು ಸಿಸ್ಟರ್ ಹರಕು ಇಂಗ್ಲಿಷಿನಲ್ಲಿ ತಿದ್ದಿದರು. ‘ದೆಬೆರ್’ ಎಂದರೆ ಊಹೆ ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಆಮೇಲೆ ಅವರು, “ದೆಬೆ ಇರ್ ಆ ಚಿತ್ರದುರ್ಗ” ಎಂದರು. “ದುರ್ಗದ ದೊಡ್ಡಾಸ್ಪತ್ರೆಗೆ ಹೋದ್ರೂ ಹೋಗ್ಬಹುದು” ಎಂದೆ, ಹೊಸ ಪಾಠ ಕಲಿತ ಹೆಮ್ಮೆಯಿಂದ.

“ಹಂಗಾರೆ ಮನೀಗೆ ಹೋಗಾಣ ನಡಿ” ಎಂದು ಕೆಂಚಮ್ಮ ಮಗಳನ್ನು ಎಬ್ಬಿಸಿಕೊಂಡು ಹೊರಟಳು.

ಮಧ್ಯಾಹ್ನ ಸಿಸ್ಟರ್, ಅವರಿಗೆ ದುರ್ಗದ ಬಸ್ಸು ಸಿಕ್ಕಿತೇ ಎಂದು ಕೇಳಿದರು. ಮನೆಗೆ ಹೋದರು ಎಂದೆ. ಅವರ ಮುಖ ಬಿಳಚಿಕೊಂಡಿತು. ಒಂದು ಕೂಸು ಅಡ್ಡಲಾಗಿತ್ತು; ಈ ಸಲ ‘ದೆ’ ಇರಲಿಲ್ಲ, ದುರ್ಗಕ್ಕೆ ಹೋಗಲೇಬೇಕು ಎಂದಿದ್ದರು ಅವರು. ನನ್ನನ್ನು ಬೈಯಲಿಲ್ಲ. ಜೀಪಿನ ಕಡೆ ಓಡಿದರು. ನಾನೂ ಹತ್ತಿ ಕುಳಿತು ಕೆಂಚಮ್ಮನ ಹಟ್ಟಿಯ ದಾರಿ ಕೇಳುತ್ತ ಹೋದೆ.

ಗಂಗಮ್ಮನಿಗೆ ನೋವು ಶುರುವಾಗಿತ್ತು. ದುರ್ಗ ತಲುಪಿ, ಆಪರೇಷನ್ ಆಗಿ, ಎರಡು ಹೆಣ್ಣು ಕೂಸುಗಳು ಅತ್ತಾಗ ನಾನೂ ಅತ್ತೆ. ಕೆಂಚಮ್ಮನ ಮುಂದೆ ನಿಂತು, “ತಪ್ಪು ನಂದಮ್ಮ. ನಂಗೆ ಆ ಭಾಷೆ ಸರಿಯಾಗಿ ಬರಲ್ಲ” ಎಂದೆ.

“ಹಂಗಾರೆ ನೀನು ನಮಗೆ ಕೊಡಬೇಕು” ಎಂದಳು ಅವಳು.

“ಏನು ಕೊಡ್ಲಿ?”

“ಅವಳಿಗೆ ಹೊಲಿಗೆ ಹಾಕವ್ರೆ. ಊರಿಗೆ ಹೋಗೋವಾಗ ಒಂದು ಕೂಸು ನಾನ್ ಎತ್ಕಂತೀನಿ, ಇನ್ನೊಂದು ನೀನು ಎತ್ಕಂಡು ಬಾ.”

ಕೆಲವು ದಿನಗಳ ಮೇಲೆ, ಬಸ್ಸಿನಲ್ಲಿ, ಬಟ್ಟೆಯಲ್ಲಿ ಸುತ್ತಿದ ಕೂಸು ನನ್ನ ಅಂಗಿಯನ್ನೇ ಚೀಪತೊಡಗಿತು. “ಹಸಿವಾಗಿರಬೇಕು” ಎಂದಳು ಕೆಂಚಮ್ಮ. ನಾನು ಬೆಚ್ಚಿದೆ. ಕರ್ತವ್ಯಕ್ಕೆ ಹೋಗಬೇಕು, ಸಾಲಕ್ಕೆ ಕೊಡಬೇಕು, ಊಹೆಗೆ ಹಸಿವಾಗಿರಬೇಕು. ಮೂರನ್ನೂ ಒಂದೇ ‘ಬೇಕು’ ಹಾಕಿ ಹುಟ್ಟಿದಾಗಿನಿಂದ ಆಡಿಕೊಂಡು ಬಂದವನು, ಪರದೇಶದ ಪುಸ್ತಕವನ್ನು ಅರ್ಧ ಓದಿ ಎಡವಿದ್ದೆ!

ಮೊನ್ನೆ ಆ ಹುಡುಗಿ ತೋಳಿಗೆ ಹತ್ತಿ ಒತ್ತಿ, “ಡಾಕ್ಟರನ್ನೂ ಒಂದ್ಸಲ ನೋಡಿ ಸರ್” ಎಂದಳು.

“ನೋಡಲೇಬೇಕೋ, ನೋಡಿದರೆ ಒಳ್ಳೆಯದೋ?”

“ನೋಡ್ಲೇಬೇಕು” ಎಂದು ನಕ್ಕಳು. ನಾನು ನಗಲಿಲ್ಲ. ಇನ್ನೊಮ್ಮೆ ಕೇಳಿದೆ.