ಮೂರು ಚಕ್ರದ ಗಾಡಿಯಲ್ಲಿ ನಾನಾಡಿದ ಮಾತು

ದೆವ್ವ, ಭೂತ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಇಂಥ ಕಥೆ ಶುರುಮಾಡಿದರೆ 'ಊಟ ಜಾಸ್ತಿಯಾಗಿರಬೇಕು' ಎಂದು ಗೇಲಿ ಮಾಡಿ ಎದ್ದು ಹೋಗುತ್ತಿದ್ದೆ. ಈಗ ನೀವು ನನ್ನನ್ನು ಹಾಗೆ ಗೇಲಿ ಮಾಡಿದರೂ ಬೇಸರವಿಲ್ಲ. ಮೂರು ವರ್ಷದ ಹಿಂದೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮೊದಲು ಗಾಡಿಯ ವಿಷಯ. ಕಾಫಿ ತೋಟದಲ್ಲಿ ಮರಗಸಿ ಮಾಡಿಸುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುವಾಗ, ಒಂದು ಕೊಂಬೆ ಬಿದ್ದು ನನ್ನ ಎಡಮಂಡಿ ಮುರಿಯಿತು. ಆಮೇಲೆ ಬೈಕಿನಲ್ಲಿ ಕಾಲೂರಿ ನಿಲ್ಲಲು ಆಗುತ್ತಿರಲಿಲ್ಲ. ಪಕ್ಕದ ಎಸ್ಟೇಟಿನ ಸಾಹುಕಾರರು ಶೋಕಿಗೆಂದು ಹೊರದೇಶದಿಂದ ತರಿಸಿ, ನಾಲ್ಕು ದಿನಕ್ಕೆ ಬೇಜಾರಾಗಿ ಶೆಡ್ಡಿಗೆ ತಳ್ಳಿದ್ದ ಮೂರು ಚಕ್ರದ ಮೋಟಾರ್‌ಸೈಕಲ್ ಹೀಗೆ ನನ್ನ ಪಾಲಿಗೆ ಬಂತು. ಮುಂದೆ ಎರಡು ಚಕ್ರ, ಹಿಂದೆ ಒಂದು. 'ಆಟೋನ ಹಿಂದುಮುಂದು ಜೋಡ್ಸಿದ್ದಾರಲ್ಲ ಮಾರಾಯ' ಎಂದು ಕಳಸ ಪೇಟೆಯವರು ನಕ್ಕರು. ನಗಲಿ, ನಿಂತರೆ ಬೀಳುವುದಿಲ್ಲವಲ್ಲ.

ಅದರಲ್ಲಿ ಕ್ರೂಸ್ ಕಂಟ್ರೋಲ್ ಎಂಬುದೊಂದಿತ್ತು. ಒಂದು ಗುಂಡಿ ಒತ್ತಿದರೆ ಮೀಟರಿನಲ್ಲಿ ಹಸಿರು ದೀಪ ಹತ್ತುತ್ತದೆ. ಆಮೇಲೆ ಎಕ್ಸಿಲರೇಟರ್ ತಿರುಚಿ ಹಿಡಿಯಬೇಕಿಲ್ಲ, ಗಾಡಿ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಬ್ರೇಕ್ ಸ್ವಲ್ಪ ಮುಟ್ಟಿದರೂ ದೀಪ ಆರಿಹೋಗುತ್ತದೆ. ಹ್ಯಾಂಡಲ್ ಮಾತ್ರ ನಾವೇ ತಿರುಗಿಸಬೇಕು. 'ನೆಟ್ಟಗಿನ ರಸ್ತೇಲಿ ಮಾತ್ರ ಹಾಕು. ಭುಜ ಸಡಿಲ ಬಿಡು, ಹ್ಯಾಂಡಲ್ನ ಕುತ್ತಿಗೆ ಹಿಸುಕೋ ಹಂಗೆ ಹಿಡೀಬೇಡ. ತಿರುವಲ್ಲಿ, ತೂಕಡಿಕೆ ಬಂದಾಗ ಅದ್ರ ತಂಟೆಗೆ ಹೋಗ್ಬೇಡ' ಎಂದು ಸಾಹುಕಾರರು ಹೇಳಿಕೊಟ್ಟಿದ್ದರು. ನಮ್ಮ ಕಡೆ ನೆಟ್ಟಗಿನ ರಸ್ತೆ ಎಲ್ಲಿದೆ? ಚಿಕ್ಕಮಗಳೂರು, ಮೂಡಿಗೆರೆ ಕಡೆ ಅಲ್ಲಲ್ಲಿ ಚೂರುಪಾರು ಸಿಗುತ್ತದೆ. ಅಲ್ಲಿ ದೀಪ ಹತ್ತಿಸಿ, ಜೋಮು ಹಿಡಿದ ಬಲಗೈಯನ್ನು ಒಂದು ಗಳಿಗೆ ಸಡಿಲ ಬಿಟ್ಟರೆ ಎಷ್ಟೋ ಸುಖ.

ಅದು ಹೂವಿನ ನೀರಿನ ಸಮಯ. ಕಾಫಿ ಗಿಡ ಮೊಗ್ಗು ಕಟ್ಟಿ ಕಾಯುತ್ತಿರುವಾಗ ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡಬೇಕು. ಶುರುಮಾಡಿ ನಡುವೆ ಬಿಟ್ಟರೆ ವರ್ಷದ ಫಸಲು ಹೋದಂತೆಯೇ. ಹಗಲೂ ರಾತ್ರಿ ಪೈಪು ಬದಲಿಸುವುದು ನನ್ನ ಪಾಲು, ಆಳುಗಳಿಗೆ ಹೊತ್ತುಹೊತ್ತಿಗೆ ಅಡುಗೆ ನನ್ನ ಹೆಂಡತಿ ಸಾವಿತ್ರಿಯದು. ಆ ನಡುವೆಯೇ ಅವಳಿಗೆ ಚಿಕ್ಕಮಗಳೂರಿನಾಚೆಯ ಅತ್ತಿಗುಂಡಿಯ ತವರಿನಿಂದ ಫೋನ್ ಬಂತು, ಅಮ್ಮನಿಗೆ ಹುಷಾರಿಲ್ಲ ಎಂದು. 'ಇನ್ನೆರಡು ದಿನ ತಡಿ, ನೀರು ಮುಗೀಲಿ, ನಾನೇ ಕರ್ಕೊಂಡು ಹೋಗ್ತೀನಿ' ಎಂದೆ. ಎರಡನೆಯ ದಿನ ಬೆಳಗಿನ ಜಾವ ಅತ್ತೆ ತೀರಿಕೊಂಡರು.

ಸಾವಿತ್ರಿ ಜಗಳವಾಡಲಿಲ್ಲ. ನನ್ನ ಜೊತೆ ಮಾತು ಬಿಟ್ಟಳು, ಅಷ್ಟೆ. ತಪ್ಪಾಯಿತು ಎನ್ನಲು ನನಗೂ ಬಾಯಿ ಬರಲಿಲ್ಲ. ಮದುವೆಯಾದಾಗಿನಿಂದಲೂ ತೋಟದ ಮಾತು ಬಿಟ್ಟರೆ ಬೇರೆ ಮಾತು ನನಗೆ ಗೊತ್ತಿಲ್ಲ. ಅವಳನ್ನು ಅತ್ತಿಗುಂಡಿಯಲ್ಲಿ ಬಿಟ್ಟು ಬಂದು ಮತ್ತೆ ಪೈಪು ಹಿಡಿದೆ.

ಅತ್ತೆಯ ವೈಕುಂಠ ಸಮಾರಾಧನೆಗೆ ಹೋದದ್ದೂ, ಹೂ ಅರಳಿದ ಮೇಲೆ ಕೊಡುವ ಎರಡನೆಯ ನೀರು ಮುಗಿಸಿಯೇ. ಮೂರು ರಾತ್ರಿ ನಿದ್ದೆಯಿಲ್ಲ. ಎಲೆಯ ಮುಂದೆ ಕೂತರೆ ಅನ್ನ ಯಾವುದು, ಪಾಯಸ ಯಾವುದು ತಿಳಿಯುತ್ತಿರಲಿಲ್ಲ. ಊಟವಾದ ಮೇಲೆ ಅವಳ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ. 'ಅವಳು ಇನ್ನು ಇಲ್ಲೇ ಇರ್ತಾಳಂತೆ ಭಾವ. ಬಟ್ಟೆಬರೆ ತರೋಕೆ ಮಾತ್ರ ಈಗ ನಿಮ್ಮ ಜೊತೆ ಬರ್ತಾಳಂತೆ. ನಾನೇನ್ ಹೇಳ್ಲಿ, ನೀವೇ ಮಾತಾಡಿ' ಎಂದ. ಕಳಸ ಮುಟ್ಟುವುದರೊಳಗೆ ಏನಾದರೂ ಹೇಳಲೇಬೇಕು ಎಂದುಕೊಂಡು ಗಾಡಿ ಹತ್ತಿದೆ.

ಮೂಡಿಗೆರೆಯವರೆಗೂ ಒಂದು ಮಾತಿಲ್ಲ. ಹೆಲ್ಮೆಟ್ಟಿನೊಳಗೆ ಕಣ್ಣು ಉರಿಯುತ್ತಿತ್ತು, ಬಲಗೈ ನನ್ನದಲ್ಲವೆನ್ನುವಷ್ಟು ಸೋತಿತ್ತು. ಊರು ದಾಟಿದ ಮೇಲೆ ಸ್ವಲ್ಪ ನೆಟ್ಟಗಿನ ರಸ್ತೆ ಸಿಕ್ಕಿತು. ವೇಗ ನಲವತ್ತಕ್ಕೆ ತಂದು ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ತೋಟಗಳಿಂದ ಕಾಫಿ ಹೂವಿನ ಘಮ ಬರುತ್ತಿತ್ತು. ನನ್ನ ನೆನಪು ಇರುವುದು ಅಲ್ಲಿಯವರೆಗೆ.

ಮುಂದಿನ ನೆನಪು ನಮ್ಮ ತೋಟದ ಗೇಟು. ಬಿಸಿಲಿಳಿದಿತ್ತು. ಮೀಟರಿನಲ್ಲಿ ನಲವತ್ತು, ಹಸಿರು ದೀಪ ಉರಿಯುತ್ತಲೇ ಇತ್ತು. ಬೆಚ್ಚಿಬಿದ್ದು ಬ್ರೇಕ್ ಒತ್ತಿದೆ, ಆಗ ಆರಿತು. ನಡುವೆ ಕೊಟ್ಟಿಗೆಹಾರ ಬರುತ್ತದೆ, ಲೆಕ್ಕವಿಲ್ಲದಷ್ಟು ತಿರುವು, ಹಂಪು, ದನ, ಎದುರಿಗೆ ಹೊರನಾಡಿನಿಂದ ಬರುವ ಬಸ್ಸು. ಬ್ರೇಕ್ ಮುಟ್ಟದೆ ಆ ದಾರಿಯಲ್ಲಿ ಬರಲು ಯಾರಿಂದಲೂ ಆಗದು.

ಸಾವಿತ್ರಿ ಇಳಿದು ಹೆಲ್ಮೆಟ್ ತೆಗೆದಳು. ಅತ್ತು ಅತ್ತು ಮುಖ ಕೆಂಪಾಗಿತ್ತು. 'ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಇಟ್ಕೊಂಡಿದ್ರಿ ಮಾರಾಯ್ರೆ?' ಎಂದಳು. ಯಾವುದನ್ನು ಎಂದು ಕೇಳುವಷ್ಟರಲ್ಲಿ ಅವಳೇ, 'ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಣ್ವಾ ಅಂತ ಕೇಳ್ಬೇಕು ಅಂತಿದ್ದೆ. ಎಲ್ಲಿ ನಿಮ್ಮ ಮಾತು ನಿಂತುಹೋಗುತ್ತೋ ಅಂತ ಸುಮ್ನಾದೆ' ಎಂದು ಒಳಗೆ ಹೋದಳು. ಕಾಫಿಗೆ ನೀರಿಟ್ಟಳು. ಬಟ್ಟೆ ಕಟ್ಟಲಿಲ್ಲ.

ಒಬ್ಬ ಡಾಕ್ಟರ್ ಹತ್ತಿರ ಕೇಳಿದೆ. ನಿದ್ದೆಗೆಟ್ಟರೆ ಹಾಗಾಗುತ್ತದೆ, ಅಭ್ಯಾಸದ ದಾರಿಯಲ್ಲಿ ಕೈ ತಾನೇ ಕೆಲಸ ಮಾಡುತ್ತದೆ, ಆಮೇಲೆ ನೆನಪಿರುವುದಿಲ್ಲ ಎಂದರು. ಬ್ರೇಕ್ ಹಾಕಿ, ಮತ್ತೆ ಗುಂಡಿ ಒತ್ತಿ, ಎಲ್ಲ ಮರೆತಿರಬಹುದು. ಆದರೆ ಎಚ್ಚರವಿದ್ದಾಗಲೇ ನಾಲ್ಕು ಮಾತು ಜೋಡಿಸಲಾರದವನು ದಾರಿಯುದ್ದಕ್ಕೂ ಏನು ಮಾತಾಡಿದೆ? ಹೊಟ್ಟೆಯಲ್ಲಿದ್ದ ತಪ್ಪೊಪ್ಪಿಗೆಯೇ ಮಂಪರಿನಲ್ಲಿ ಹೊರಗೆ ಬಂದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೂ ಎಚ್ಚರದಲ್ಲಿ ಹೇಳಲಿಲ್ಲವಲ್ಲ ಎಂದು ಒಳಗೊಳಗೇ ಕೊರೆಯುತ್ತಿತ್ತು.

ಈ ಸಲ ಅತ್ತೆಯ ತಿಥಿ ಬಂದಾಗ ಧೈರ್ಯ ಮಾಡಿ ಅಡುಗೆಮನೆಗೆ ಹೋದೆ. 'ನಿಮ್ಮಮ್ಮನ ವಿಷಯದಲ್ಲಿ ನಂದು ತಪ್ಪಾಯ್ತು ಸಾವಿತ್ರಿ. ಅವತ್ತು ಗಾಡೀಲಿ ಹೇಳಿದ್ದನ್ನೇ ಇನ್ನೊಂದ್ಸಲ ಹೇಳ್ತಿದ್ದೀನಿ' ಎಂದೆ.

ಅವಳು ಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. 'ಅವತ್ತಾ? ಅವತ್ತು ನೀವು ಅಮ್ಮನ ಸುದ್ದೀನೇ ಎತ್ತಲಿಲ್ವಲ್ಲ' ಎಂದಳು.

ಹಾಗಾದರೆ ಏನು ಹೇಳಿದ್ದೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ, ಅವಳು ನಂಬಿ ಉಳಿದುಕೊಂಡ ಆ ಮನುಷ್ಯ ನಾನಲ್ಲವೆಂದು ಅವಳಿಗೆ ಗೊತ್ತಾಗಿಬಿಡುತ್ತದೆ.