ತುಂಬು ಬಿಡಿಸುವವರ ಸ್ಪ್ಯಾನಿಷ್

ತರಗತಿಯ ಮೊದಲ ದಿನ ಮುಸರತ ಹಲಗೆಯ ಮೇಲೆ ಏನನ್ನೂ ಬರೆಯುವುದಿಲ್ಲ. ಒಂದು ಒಣ ಮೆಣಸಿನಕಾಯಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಅದರ ತುಂಬು ಕಿತ್ತು ಮೇಜಿನ ಮೇಲಿಡುತ್ತಾರೆ. ತುಂಬು ಎಂದರೆ ತೊಟ್ಟು. ಅದನ್ನು ಬಿಡಿಸುವ ಕೂಲಿಯಿಂದಲೇ ಬ್ಯಾಡಗಿಯ ಎಷ್ಟೋ ಮನೆಗಳು ನಡೆಯುತ್ತವೆ. ಎದುರಿಗೆ ಕುಳಿತ ಐವರು ಹೆಂಗಸರೂ ಅದೇ ಕೆಲಸದವರು.

“ಕ್ರಿಯಾಪದಕ್ಕೂ ಹಿಂಗ ಒಂದು ತುಂಬು ಇರತೈತಿ,” ಎನ್ನುತ್ತಾರೆ ಮುಸರತ. “ತ್ರಬಾಹಾರ್ ಅಂದ್ರ ದುಡಿಯೂದು. ಕೊನಿಗೆ ‘ಆರ್’ ಐತಲ್ಲ, ಅದ ತುಂಬು. ಕಿತ್ತು ಒಗೀರಿ. ಈಗ ದುಡಿಯಾವ್ರು ಯಾರು ಅಂತ ನೋಡಿ ಹೊಸಾ ಬಾಲ ಹಚ್ರಿ.”

ತ್ರಬಾಹೊ, ದುಡಿತೀನಿ. ತ್ರಬಾಹಾಸ್, ದುಡಿತಿ. ತ್ರಬಾಹಾ, ದುಡಿತಾಳ. ತ್ರಬಾಹಾಮೊಸ್, ದುಡಿತೇವಿ. ತ್ರಬಾಹಾಯ್ಸ್, ದುಡಿತೀರಿ. ತ್ರಬಾಹಾನ್, ದುಡಿತಾರ. ಕನ್ನಡದಲ್ಲೂ ಆರು ಬಾಲ, ಅಲ್ಲೂ ಆರು. ನಾನು, ನೀನು ಎಂದು ಮುಂದೆ ಹೇಳದಿದ್ದರೂ ಎರಡೂ ಕಡೆ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಆ ಆರರಲ್ಲಿ ಐದು ರೂಪಗಳು ಒಂದೇ. ಹೀಗಿರುವಾಗ ಕನ್ನಡದವರಿಗೆ ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಸುವುದು ಯಾವ ಲೆಕ್ಕದಿಂದಲೂ ಸರಿಯಲ್ಲ. ನಾನು ರಸಾಯನಶಾಸ್ತ್ರ ಓದಿದವನು, ಭಾಷೆಯ ಪಂಡಿತನಲ್ಲ. ಆದರೂ ಇಷ್ಟು ನನಗೆ ಕಾಣುತ್ತದೆ.

ಮುಸರತಗೆ ಈಗ ಮೂವತ್ತಾರು. ತಾಯಿ ಜೈತೂನಬಿಯ ಪಕ್ಕದಲ್ಲಿ ಕುಳಿತು ತುಂಬು ಬಿಡಿಸುತ್ತಲೇ ಬಿ.ಎ. ಮುಗಿಸಿದವರು. ಮೋಟೆಬೆನ್ನೂರಿನ ಹತ್ತಿರ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ನಮ್ಮ ಕಾರ್ಖಾನೆಗೆ ಯಂತ್ರ ಜೋಡಿಸಲು ಸ್ಪೇನಿನಿಂದ ಒಬ್ಬರು ಬಂದು ಮೂರು ತಿಂಗಳು ಇದ್ದರು. ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಆಗ ಕಾಯಿ ಆರಿಸುವ ವಿಭಾಗದಲ್ಲಿದ್ದ ಮುಸರತ ಒಂದು ನೋಟುಬುಕ್ಕು ಹಿಡಿದು ಅವರ ಹಿಂದೆ ತಿರುಗಿದರು. ಅವರು ಹೋದ ಮೇಲೂ ಓದು ಬಿಡಲಿಲ್ಲ. ಎರಡು ವರ್ಷದ ನಂತರ ಹುಬ್ಬಳ್ಳಿಗೆ ಹೋಗಿ ಸ್ಪ್ಯಾನಿಷ್ ಪರೀಕ್ಷೆ ಕಟ್ಟಿ ಪಾಸಾದರು. ಹಾವೇರಿಯ ಒಂದು ಭಾಷಾ ತರಬೇತಿ ಕೇಂದ್ರದವರು ಅವರನ್ನು ಕರೆದು, ಬ್ಯಾಡಗಿಯಲ್ಲಿ ಒಂದು ಕೋಣೆ ಹಿಡಿದು, ಸಂಜೆಯ ತರಗತಿ ತೆರೆದರು.

ಕಳೆದ ವರ್ಷ, ಸ್ಪೇನಿನವರೊಡನೆ ವ್ಯವಹಾರ ಹೆಚ್ಚಿದಾಗ, ನಮ್ಮ ಕಾರ್ಖಾನೆಯವರು ಒಂದು ಸೂಚನೆ ಹಚ್ಚಿದರು: ಸ್ಪ್ಯಾನಿಷ್ ಪರೀಕ್ಷೆಯ ಮೊದಲ ಹಂತ ಪಾಸಾದವರಲ್ಲಿ ಇಬ್ಬರಿಗೆ ಕಚೇರಿ ಕೆಲಸ. ಮುಸರತ ಅವರ ಐವರೂ ಅದಕ್ಕೆ ಗಂಟುಬಿದ್ದರು. ಎಲ್ಲರಿಗಿಂತ ಮುಂದೆ ಗುತ್ತೆವ್ವ. ಇಪ್ಪತ್ತು ವರ್ಷ ಖಾರದ ಧೂಳು ಕುಡಿದು ಅವರ ಕೆಮ್ಮು ನಿಲ್ಲದಂತಾಗಿತ್ತು. ಆ ಕೆಲಸ ಬಿಡುವ ದಾರಿ ಇದೊಂದೇ. ಪರೀಕ್ಷೆಗೆ ಹೆಸರು ಕಳಿಸುವುದು ಮಾತ್ರ ಕೇಂದ್ರದ ಮುಖ್ಯಸ್ಥ ದುರುಗೇಶ ಅವರ ಕೈಯಲ್ಲಿತ್ತು.

ದುರುಗೇಶ ಒಂದು ಭಾನುವಾರ ಐವರನ್ನೂ ಪರೀಕ್ಷಿಸಲು ಬಂದರು. ಕಾರ್ಖಾನೆಯ ಪರವಾಗಿ ನಾನಿದ್ದೆ. ಅವರು ಗುತ್ತೆವ್ವನ ಕಡೆ ನೋಡಿ ಇಂಗ್ಲಿಷಿನಲ್ಲಿ ಕೇಳಿದರು, ನೀವು ಎಲ್ಲಿ ಕೆಲಸ ಮಾಡುತ್ತೀರಿ, ಸ್ಪ್ಯಾನಿಷಿನಲ್ಲಿ ಉತ್ತರಿಸಿ ಎಂದು. ಗುತ್ತೆವ್ವ ಮುಸರತ ಅವರ ಮುಖ ನೋಡಿದರು. ದುರುಗೇಶ ಅದನ್ನೇ ಇನ್ನೂ ಜೋರಾಗಿ, ಇಂಗ್ಲಿಷಿನಲ್ಲೇ ಕೇಳಿದರು. ದನಿ ಏರಿಸಿದರೆ ಇಂಗ್ಲಿಷ್ ತಿಳಿಯುತ್ತದೆಂದು ಅವರ ನಂಬಿಕೆ ಇರಬೇಕು.

ಮುಸರತ ಅದೇ ಪ್ರಶ್ನೆಯನ್ನು ಸ್ಪ್ಯಾನಿಷಿನಲ್ಲಿ ಕೇಳಿದರು. ಗುತ್ತೆವ್ವ ತಟ್ಟನೆ ಹೇಳಿದರು: “ತ್ರಬಾಹೊ ಎನ್ ಬ್ಯಾಡಗಿ ರಿ.”

“ಆ ‘ರಿ’ ಯಾವ ಪುಸ್ತಕದಾಗೈತಿ?” ಎಂದರು ದುರುಗೇಶ.

“ಪುಸ್ತಕದಾಗ ಇಲ್ರಿ ಸರ್, ನಮ್ಮ ಬಾಯಾಗ ಐತ್ರಿ. ದೊಡ್ಡಾವ್ರ ಮುಂದ ಬೋಳ ಮಾತು ಹೆಂಗ ಆಡೂದ್ರಿ?” ಎಂದರು ಗುತ್ತೆವ್ವ.

ಉಳಿದವರು ಸೆರಗು ಬಾಯಿಗೆ ಹಿಡಿದು ನಕ್ಕರು. ದುರುಗೇಶ ನಗಲಿಲ್ಲ. ಉಳಿದ ನಾಲ್ವರಿಗೂ ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳಿ, ಐವರ ಹೆಸರಿನ ಮುಂದೆಯೂ ‘ಭಾಷೆ ಬರುವುದಿಲ್ಲ’ ಎಂದು ಬರೆದರು.

“ಯಾವ ಭಾಷಾ ಬರೂದಿಲ್ಲಂತ ಬರದ್ರಿ ಸರ್?” ಮುಸರತ ಕೇಳಿದರು.

“ನೋಡ್ರಿ ಮೇಡಂ, ಸೆಂಟರಿಗೆ ಒಂದು ಲೆವೆಲ್ ಐತಿ. ಇಂಗ್ಲಿಷ್ ಬರಲಾರದವ್ರನ್ನ ಕಳಸಿದ್ರ ನನ್ನ ಹೆಸರು ಏನಾಗಬೇಕು? ತುಂಬು ಬಿಡಸಾವ್ರಿಗೆ ಕನ್ನಡದಾಗ ಸ್ಪ್ಯಾನಿಷ್ ಕಲಸ್ತಾರಂತ ಹಾವೇರ್ಯಾಗ ನಗಾಕತ್ತಾರ.”

“ನಗೂದು ಅವರ ಕೆಲಸ ಸರ್. ಕಲಿಯೂದು ಇವರ ಕೆಲಸ. ನಿಮ್ಮ ಕೆಲಸ ಹೆಸರು ಕಳಸೂದು.”

“ಕಳಸೂದಿಲ್ಲ. ಮುಗೀತು.”

ಹೆಸರು ಕಳಿಸಲು ಕೊನೆಯ ದಿನ ಶುಕ್ರವಾರ. ಮುಸರತ ಪರೀಕ್ಷೆಯ ನಿಯಮಗಳ ಹದಿನಾಲ್ಕು ಪುಟ ಇಳಿಸಿಕೊಂಡು ಕುಳಿತರು. ಅವು ಸ್ಪ್ಯಾನಿಷಿನಲ್ಲಿದ್ದವು. ಬುಧವಾರ ನನ್ನ ಪ್ರಯೋಗಾಲಯಕ್ಕೆ ಬಂದು ಒಂಬತ್ತನೆಯ ಪುಟ ತೋರಿಸಿದರು. ಪ್ರಶ್ನೆ, ಸೂಚನೆ, ಉತ್ತರ ಎಲ್ಲವೂ ಸ್ಪ್ಯಾನಿಷಿನಲ್ಲೇ. ಅಭ್ಯರ್ಥಿಗೆ ಬೇರೆ ಯಾವ ಭಾಷೆಯೂ ಬರಬೇಕೆಂದಿಲ್ಲ.

“ನಾಳೆ ಹಾವೇರಿಗೆ ಹೊಂಟೇನ್ರಿ ಸರ್. ನೀವು ಸುಮ್ನ ಬಂದು ಕುಂದ್ರಿ. ಭಾನುವಾರ ಏನಾತು ಅಂತ ಕಂಡಾವ್ರು ಒಬ್ರು ಬೇಕು.”

ಗುರುವಾರ ರಜೆ ಹಾಕಿ ಅವರೊಂದಿಗೆ ಬಸ್ಸು ಹತ್ತಿದೆ. ದುರುಗೇಶ ಅವರ ಕಚೇರಿಯ ಗೋಡೆಯ ಮೇಲೆ ಒಂದು ದೊಡ್ಡ ಬಣ್ಣದ ಪಟ ಇತ್ತು: ಕ್ರಿಯಾಪದದ ಬುಡ, ಪಕ್ಕದಲ್ಲಿ ಆರು ಬಾಲ. ಮುಸರತ ತರಗತಿಗೆಂದು ಕೈಯಲ್ಲಿ ಬರೆದಿದ್ದ ಪಟದ್ದೇ ನಕಲು. ಕನ್ನಡ ಇದ್ದಲ್ಲೆಲ್ಲ ಇಂಗ್ಲಿಷ್ ಹಾಕಿ, ಮೆಣಸಿನಕಾಯಿಯ ಚಿತ್ರ ತೆಗೆದು, ಕೆಳಗೆ ‘ರಚನೆ: ದುರುಗೇಶ’ ಎಂದು ಅಚ್ಚು ಹಾಕಿಸಿದ್ದರು. ಮುಸರತ ಒಮ್ಮೆ ನೋಡಿ ಕಣ್ಣು ತೆಗೆದರು. ಬಂದ ಕೆಲಸ ಬೇರೆ ಇತ್ತು.

ಒಂಬತ್ತನೆಯ ಪುಟವನ್ನು ಮೇಜಿನ ಮೇಲೆ ಇಟ್ಟರು.

“ಏನೈತಿ ಇದರಾಗ?” ಎಂದರು ದುರುಗೇಶ.

“ಓದ್ರಿ ಸರ್. ಐದನೇ ಸಾಲು.”

ದುರುಗೇಶ ಹಾಳೆ ಎತ್ತಿದರು, ಕನ್ನಡಕ ಸರಿಮಾಡಿಕೊಂಡರು, ಹಾಳೆ ತಿರುಗಿಸಿ ಹಿಂಬದಿ ನೋಡಿದರು. ಸ್ಪ್ಯಾನಿಷ್ ಕೇಂದ್ರದ ಮುಖ್ಯಸ್ಥರಿಗೆ ಸ್ಪ್ಯಾನಿಷ್ ಓದಲು ಬರುತ್ತಿರಲಿಲ್ಲ.

“ನೀವ ಹೇಳಿಬಿಡ್ರಲ್ಲ,” ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

ಮುಸರತ ಓದಿ, ಕನ್ನಡದಲ್ಲಿ ಹೇಳಿದರು. ಆಮೇಲೆ ಅಂದರು: “ಭಾಷಾ ಬರೂದಿಲ್ಲ ಅಂತ ಗುತ್ತೆವ್ವಗ ಬರದೀರಿ. ನಿಮಗ ನಾ ಹಂಗ ಬರಿಯೂದಿಲ್ಲ ಸರ್. ಹೆಸರು ಕಳಸ್ರಿ. ಇಲ್ಲಾಂದ್ರ ಇದ ಹಾಳಿ, ಇವರ ಸಾಕ್ಷಿ, ಎರಡೂ ಪರೀಕ್ಷಾ ಮಂಡಳಿಗೆ ಹೋಗ್ತಾವ.”

ದುರುಗೇಶ ನನ್ನತ್ತ ನೋಡಿದರು. “ನಾನು ಎಲ್ಲ ಬರೆದಿಟ್ಟುಕೊಂಡಿದ್ದೇನೆ,” ಎಂದೆ. ನಿಜವಾಗಿಯೂ ಬರೆದಿಟ್ಟಿದ್ದೆ, ಪ್ರಶ್ನೆಗಳ ಸಮೇತ.

ಐದು ಹೆಸರೂ ಹೋದವು. ಜೊತೆಗೇ ದುರುಗೇಶ ತರಗತಿಯ ಕೋಣೆಯ ಕೀಲಿಯನ್ನೂ ಮುಸರತ ಅವರಿಂದ ವಾಪಸು ಕೇಳಿದರು. ಸೋಮವಾರದಿಂದ ಬರುವುದು ಬೇಡವಂತೆ. ಮುಸರತ ಪರ್ಸಿನಿಂದ ಕೀಲಿ ತೆಗೆದು ಒಂಬತ್ತನೆಯ ಪುಟದ ಮೇಲೆ ಇಟ್ಟು ಎದ್ದರು. ಬಸ್ ನಿಲ್ದಾಣದಲ್ಲಿ ಕಬ್ಬಿನ ಹಾಲಿನ ಗಾಡಿಯ ಮುಂದೆ ನಿಂತು, “ಆ ಪಟದಾಗ ಎರಡು ತಪ್ಪು ಅಚ್ಚಾಗ್ಯಾವ್ರಿ ಸರ್,” ಎಂದರು. “ಇಂಗ್ಲಿಷ್ ಹಾಕೋ ಗದ್ಲದಾಗ ಬಾಲಾನೂ ಅದಲಬದಲ ಮಾಡ್ಯಾರ. ನೋಡಿ ಕಲಿಯಾವ್ರ ಗತಿ ಏನ್ರಿ?”

ಪಟದಿಂದ ತಮ್ಮ ಹೆಸರು ಹೋದದ್ದಕ್ಕೂ ಅವರು ಅಷ್ಟು ಸಿಟ್ಟಾಗಿರಲಿಲ್ಲ.

ಪರೀಕ್ಷೆಗೆ ಉಳಿದ ಆರು ವಾರ ತರಗತಿ ತುಂಬು ಬಿಡಿಸುವ ಶೆಡ್ಡಿನಲ್ಲೇ ನಡೆಯಿತು. ಮಧ್ಯದಲ್ಲಿ ರಾಶಿ, ಸುತ್ತ ಹೆಂಗಸರು, ಒಂದೊಂದು ಕಾಯಿಗೆ ಒಂದೊಂದು ರೂಪ. ಜೈತೂನಬಿಯೂ ಒಂದು ಮೂಲೆಯಲ್ಲಿ ಕುಳಿತು, ಅರ್ಥ ಕೇಳದೆ, ಆರೂ ಬಾಲಗಳನ್ನು ಬಾಯಿಪಾಠ ಮಾಡಿದರು. ತಪ್ಪಿದವರಿಗೆ “ಲಗೂ ಹೇಳವಾ, ರಾಶಿ ಹಂಗ ಉಳೀತೈತಿ” ಎಂದು ಗದರುತ್ತಿದ್ದರು.

ನಾಲ್ವರು ಪಾಸಾದರು. ನಾಗರತ್ನಾ ಒಬ್ಬರು ಉಳಿದರು. ಮುಂದಿನ ಸಲಕ್ಕೆ ಓದುತ್ತಿದ್ದಾರೆ. ಕಚೇರಿ ಕೆಲಸ ಸಿಕ್ಕ ಇಬ್ಬರಲ್ಲಿ ಗುತ್ತೆವ್ವ ಒಬ್ಬರು. ಕೇಂದ್ರದವರು ‘ನಮ್ಮ ಸಾಧಕರು’ ಎಂಬ ಫಲಕಕ್ಕೆ ಅವರ ಫೋಟೊ ಕೇಳಿ ಕಾರ್ಖಾನೆಗೆ ಫೋನು ಮಾಡಿದಾಗ ನಾನು ಅಲ್ಲೇ ಇದ್ದೆ.

“ಮೊದಲ ನಮಗ ಕಲಿಸಿದ ಅಕ್ಕೋರ ಫೋಟೊ ಹಾಕ್ರಿ,” ಎಂದರು ಗುತ್ತೆವ್ವ. “ಆಮ್ಯಾಲೆ ನಂದು. ಅವರದಿಲ್ಲಂದ್ರ ನಂದೂ ಬ್ಯಾಡ್ರಿ.”

ಆ ಕಡೆಯವರು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಗುತ್ತೆವ್ವ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ತ್ರಬಾಹಾಮೊಸ್ ರಿ, ಕೆಲಸದಾಗ ಅದೇವಿ,” ಎಂದು ಫೋನು ಇಟ್ಟರು.